ಮಾಳದಿಂದ ಕೇಡಗಾಂವಕ್ಕೆ

ನಮ್ಮೂರು ಕಾರ್ಕಳದ ಕಡೆ, ಓದುವುದು ಪುಣೆಯಲ್ಲಿ. ಪಂಡಿತಾ ರಮಾಬಾಯಿಯವರ ಹೆಸರೆತ್ತಿದರೆ ನಮ್ಮಜ್ಜಿ ಸುಮ್ಮನಾಗಿಬಿಡುತ್ತಿದ್ದರು. ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, ನಮ್ಮ ಕಡೆಯವಳೇ, ಆದರೆ ಮತ ಬಿಟ್ಟವಳು. ಅಷ್ಟು ಸಂಸ್ಕೃತ ಕಲಿತವಳಿಗೆ ಇಲ್ಲಿ ಸಿಗದ ನೆಮ್ಮದಿ ಅಲ್ಲೇನು ಸಿಕ್ಕಿತು ಅನ್ನುವುದು ನನಗೆ ಚಿಕ್ಕಂದಿನಿಂದ ಇದ್ದ ಪ್ರಶ್ನೆ. ಹೋದ ತಿಂಗಳು ದೌಂಡ್ ಗಾಡಿ ಹತ್ತಿ ಕೇಡಗಾಂವಕ್ಕೆ ಹೋಗಿ ಬಂದೆ. ಆಮೇಲೆ ಅವರ ವಿಷಯ ಕೈಗೆ ಸಿಕ್ಕಿದ್ದೆಲ್ಲ ಓದಿದೆ.

ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಶಾಸ್ತ್ರಿಗಳು ಮಾತು ಕೇಳಬೇಕಾಯಿತು. ಸಂಸಾರ ಗಂಗಾಮೂಲದ ಕಾಡು ಸೇರಿತು. ರಮಾ ಹುಟ್ಟಿದ್ದು ಅಲ್ಲೇ, 1858ರ ಏಪ್ರಿಲ್ 23ರಂದು. ಬಂದವರಿಗೆಲ್ಲ ಅನ್ನ ಹಾಕಿ ಆಸ್ತಿ ಕರಗಿತು. ಆರು ತಿಂಗಳ ಮಗುವನ್ನು ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊರಿಸಿಕೊಂಡು ಹೊರಟವರು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದರು, ಪುರಾಣ ಹೇಳಿ ಹೊಟ್ಟೆ ಹೊರೆದರು. ಬೆಳಗಿನ ಜಾವ ಮಗಳನ್ನು ಎಬ್ಬಿಸಿ ಪಾಠ ಹೇಳಿದವಳು ತಾಯಿ ಲಕ್ಷ್ಮೀಬಾಯಿ. ಆಮೇಲೆ ಬಂತು ಬರಗಾಲ. ಉಪವಾಸ, ದಾನ, ಪ್ರದಕ್ಷಿಣೆ ಯಾವುದನ್ನೂ ಇವರು ಬಿಡಲಿಲ್ಲ. ಆದರೂ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ತಾಯಿಯ ಶವ ಹೊರಲು ನಾಲ್ಕು ಜನ ಸಾಲದೆ ಮಗಳೇ ಹೆಗಲು ಕೊಡಬೇಕಾಯಿತು. ಗಿಡ್ಡವಳಾದ್ದರಿಂದ ತಲೆಯ ಮೇಲೆ ಹೊತ್ತಳಂತೆ. ಇದನ್ನು ಓದಿದ ದಿನ ನನಗೆ ಅಜ್ಜಿಯ ಮೌನದ ಮೇಲೆ ಸಿಟ್ಟೇ ಬಂತು.

ಅಣ್ಣ ಶ್ರೀನಿವಾಸನ ಜೊತೆ ನಡೆದೂ ನಡೆದೂ 1878ರಲ್ಲಿ ಕಲ್ಕತ್ತಕ್ಕೆ ಬಂದರು. ಅಲ್ಲಿಯ ಪಂಡಿತರು ‘ಪಂಡಿತಾ’, ‘ಸರಸ್ವತಿ’ ಅಂತ ಬಿರುದು ಕೊಟ್ಟರು. ಬಿರುದು ಬಂತು, ದೇವರ ಮೇಲಿನ ನಂಬಿಕೆ ಅಷ್ಟರಲ್ಲೇ ಹೋಗಿತ್ತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರೊಡನೆ ಮದುವೆ, ಮರು ವರ್ಷ ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಕಾಲರಾಕ್ಕೆ ಗಂಡ ಬಲಿ. ಇಪ್ಪತ್ತನಾಲ್ಕು ತುಂಬುವ ಮೊದಲೇ ಇಷ್ಟೆಲ್ಲ! ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಫುಲ್ಹಮ್‌ನಲ್ಲಿ, ದಾರಿ ತಪ್ಪಿದವರು ಅಂತ ಲೋಕ ದೂರವಿಟ್ಟ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಅಕ್ಕತಂಗಿಯರ ಹಾಗೆ ನೋಡಿಕೊಳ್ಳುತ್ತಿದ್ದುದನ್ನು ಕಂಡರು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆಯನ್ನು ಅಲ್ಲಿ ಕೇಳಿದರು. ಅದೇ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಇಲ್ಲಿಗೇ ಕಥೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಮತ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ತ್ರಿತ್ವದ ತತ್ತ್ವ ಒಪ್ಪದೆ ಗುರುಗಳೊಡನೆ ವಾದಕ್ಕಿಳಿದರು. ಮಾಂಸ ಮುಟ್ಟಲಿಲ್ಲ. ಅಮೆರಿಕದಲ್ಲಿ ಹಣ ಕೂಡಿಸಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರು ವರ್ಷ ಪುಣೆಗೆ ತಂದರು. ಕೆಲಸಕ್ಕೆ ಕೊರತೆ ಇರಲಿಲ್ಲ, ಒಳಗೆ ಮಾತ್ರ ಖಾಲಿ. 1891ರ ಸುಮಾರಿಗೆ ಹ್ಯಾಸ್ಲಮ್ ಎಂಬ ಪಾದ್ರಿಯ ಆತ್ಮಕಥೆ ಓದುವಾಗ ತಟ್ಟಿತಂತೆ: ತಾನು ಹಿಡಿದದ್ದು ಕ್ರೈಸ್ತ ಮತವನ್ನು, ಕ್ರಿಸ್ತನನ್ನಲ್ಲ. ವ್ರತ ಮಾಡಿ, ಓದಿ, ವಾದ ಮಾಡಿ ಗಳಿಸಬೇಕು ಅಂದುಕೊಂಡದ್ದು ಕೇಳಿದರೆ ಸಿಗುವಂಥದ್ದು ಅನ್ನಿಸಿತು. ಎಂಟು ವರ್ಷ ಬೇಕಾಯಿತು ನೋಡಿ.

ಆ ನೆಮ್ಮದಿಯೇ ಜಗಳ ತಂತು. ಸದನದಲ್ಲಿ ಧರ್ಮಬೋಧೆ ಇಲ್ಲ ಅಂತ ಮಾತು ಕೊಟ್ಟಿದ್ದರು. ಆದರೆ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟೇ ಪ್ರಾರ್ಥನೆ ಮಾಡುವರು, ಹುಡುಗಿಯರು ಬಂದು ಕೂರುವರು. 1893ರಲ್ಲಿ ತಿಲಕರ ‘ಕೇಸರಿ’ ಹರಿಹಾಯ್ದಿತು, ರಾನಡೆ, ಭಾಂಡಾರಕರ್ ಸಲಹಾ ಸಮಿತಿ ಬಿಟ್ಟರು, ಎಷ್ಟೋ ಪೋಷಕರು ಹುಡುಗಿಯರನ್ನು ಕರೆದೊಯ್ದರು. ಕೊಟ್ಟ ಮಾತಿನ ವಿಷಯದಲ್ಲಿ ತಿಲಕರ ತಕರಾರು ಪೂರಾ ಸುಳ್ಳಲ್ಲ ಅಂತ ನನಗನ್ನಿಸುತ್ತದೆ. ಆದರೆ ಆ ಹುಡುಗಿಯರಿಗೆ ಬೇರೆ ಯಾವ ಬಾಗಿಲು ತೆರೆದಿತ್ತು? ಕರ್ವೆಯವರು ಆ ವರ್ಷ ಮದುವೆಯಾದ ಗೋದೂಬಾಯಿ ಇದೇ ಸದನದ ವಿದ್ಯಾರ್ಥಿನಿ.

1896ರಲ್ಲಿ ಮತ್ತೆ ಬರ. ತಾವೇ ಉಪವಾಸ ಬಿದ್ದು ಬಲ್ಲವರು, ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಕೇಡಗಾಂವದ ಬಯಲು ‘ಮುಕ್ತಿ’ಯಾಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1500 ಜನ. ನೇಯ್ಗೆ, ಬೇಸಾಯ, ಹೈನು, ಅಚ್ಚಿನ ಕೆಲಸ ಎಲ್ಲಾ ಹೆಂಗಸರದ್ದೇ. ಮಗಳು ಮನೋರಮಾ ನಮ್ಮ ಗುಲ್ಬರ್ಗಾದಲ್ಲೂ ಶಾಲೆ ತೆರೆದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಬರೆಯತೊಡಗಿದರು. ಮೊಳೆ ಜೋಡಿಸಿದವರೂ ಆಶ್ರಮದ ಹೆಂಗಸರೇ.

1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡರು. ಹೊತ್ತು ತಿರುಗಿದ ಕೂಸು, ತಮ್ಮ ನಂತರ ಮುಕ್ತಿ ನಡೆಸಬೇಕಾದವಳು. ದೇವರನ್ನು ಬಿಡಲು ಹಿಂದೆ ಇಷ್ಟೇ ಸಾಕಾಗಿತ್ತು. ಈ ಸಲ ತಾಯಿ ಬಿಡಲಿಲ್ಲ, ಬೈಬಲ್ಲಿನ ಕರಡು ತಿದ್ದುತ್ತ ಕೂತರು. ತಿದ್ದಿ ಮುಗಿಸಿ 1922ರ ಏಪ್ರಿಲ್ 5ರಂದು ಹೋದರು.

ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಇಷ್ಟೂ ಹೇಳಿದೆ. ಶವ ಹೊತ್ತ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಅಷ್ಟು ದೂರದ ಊರಿನಲ್ಲಿ ಅವಳಿಗೆ ಊಟಕ್ಕೆ ಏನು ಮಾಡುತ್ತಿದ್ದರೋ ಅಂತ ಕೇಳಿದರು.