ಡಿಗ್ರಿ ಇಲ್ಲದ ರಾಷ್ಟ್ರಕವಿ

ಮಂಜೇಶ್ವರದ ಗೋವಿಂದ ಪೈಗಳು (1883–1963) ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದರು. ತಂದೆಗೆ ಕಾಯಿಲೆ ಜೋರೆಂದು ಸುದ್ದಿ ಬಂತು. ಪರೀಕ್ಷೆ ಪೂರ್ತಿ ಮಾಡದೆ ಊರಿಗೆ ಹೊರಟರು, ಡಿಗ್ರಿ ಕೈತಪ್ಪಿತು. ಮನೆಯಲ್ಲಿ ಅನುಕೂಲವಿತ್ತು, ಹಾಯಾಗಿ ಕೂತು ಉಣ್ಣಬಹುದಿತ್ತು. ಆದರೆ ಅವರು ಕೂತದ್ದು ಪುಸ್ತಕಗಳ ಮುಂದೆ. ಯಾವ ನೌಕರಿಯ ಆಸೆಯೂ ಇಲ್ಲದೆ ಇಪ್ಪತ್ತಕ್ಕೂ ಹೆಚ್ಚು ಭಾಷೆ ಕಲಿತರು. ಮನೆಮಾತು ಕೊಂಕಣಿ, ಕಾವ್ಯ, ಸಂಶೋಧನೆ ಬರೆದದ್ದು ಕನ್ನಡದಲ್ಲಿ. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1956ರಲ್ಲಿ ಮಂಜೇಶ್ವರ ಕೇರಳಕ್ಕೆ ಸೇರಿತು. ಪೈಗಳು ಕನ್ನಡದ ಕವಿಯಾಗಿಯೇ ಉಳಿದರು.

ಅಂಗಡಿ ಮುಚ್ಚುವಾಗ ರೊಕ್ಕದ ಲೆಕ್ಕ ನೋಡ್ತೇವೆ. ಹೊತ್ತು ಯಾವುದಕ್ಕೆ ಹೋಯ್ತು ಅನ್ನೋ ಲೆಕ್ಕ? ಪೈಗಳು ಬದುಕಿಡೀ ಇಟ್ಟದ್ದು ಅದನ್ನೇ.