ಮೋಡಗಳನ್ನು ಬರೆದ ಛಾಯಾಗ್ರಾಹಕ

ಹಳೇಬೀಡಿಗೆ ಹೋಗಿ ಒಂದಾದರೂ ಛಾಯಾಚಿತ್ರವನ್ನು ತಾರದೆ ಹಿಂದಿರುಗುವವರು ಇಂದು ವಿರಳ. ಜೇಬಿನಿಂದ ಮೊಬೈಲ್ ಫೋನನ್ನು ತೆಗೆದು, ಹತ್ತಾರು ಚಿತ್ರಗಳನ್ನು ಹಿಡಿದು, ಅವನ್ನು ಮತ್ತೊಮ್ಮೆ ನೋಡುವುದಕ್ಕೂ ಪುರುಸೊತ್ತಿಲ್ಲದೆ ನಾವು ಬೇಲೂರಿನ ಹಾದಿ ಹಿಡಿಯುತ್ತೇವೆ. ಇದೇ ಹಳೇಬೀಡಿನ ಗುಡಿಗಳೆದುರು 1854ರ ಡಿಸೆಂಬರ್ ತಿಂಗಳಲ್ಲಿ ಕಂಪನಿ ಸರ್ಕಾರದ ಸೇನಾಧಿಕಾರಿಯೊಬ್ಬನು ಮರದ ದೊಡ್ಡ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಬಿಸಿಲಿನ ಓಟವನ್ನು ಲೆಕ್ಕ ಹಾಕಿ, ಮೇಣ ಸವರಿದ ಕಾಗದದ ಮೇಲೆ ಆ ಕಲ್ಲಿನ ಕೆಲಸವನ್ನು ಹಿಡಿದುಕೊಂಡನು. ಆತನ ಹೆಸರು ಲಿನೇಯಸ್ ಟ್ರೈಪ್. ಛಾಯಾಗ್ರಹಣದ ಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲ ಹೆಸರು ಇದು; ಆದರೆ ಆತನು ಬಾಳಿ ಕೆಲಸ ಮಾಡಿದ ಬೆಂಗಳೂರಿನಲ್ಲಿಯೇ ಹೆಚ್ಚು ಜನ ಕೇಳಿರದ ಹೆಸರು.

ನಗರದ ದಕ್ಷಿಣ ಭಾಗದ ಹೊಸಕೆರೆಹಳ್ಳಿಯಲ್ಲಿ ವಾಸವಾಗಿರುವ ನನಗೆ ಈತನ ಪರಿಚಯವಾದದ್ದು ಬೇರೊಂದು ವಸ್ತುವಿನ ಅನ್ವೇಷಣೆಯಲ್ಲಿ. ಇಲ್ಲಿಯ ಹಿರಿಯರು ತಮ್ಮ ಬಾಲ್ಯದ ಕೆರೆಯನ್ನೂ ಅದರ ಕೆಳಗಿನ ಹೊಲಗದ್ದೆಗಳನ್ನೂ ವರ್ಣಿಸುವುದನ್ನು ಕೇಳಿ, ಆ ಹಳ್ಳಿಯ ಒಂದು ಹಳೆಯ ಚಿತ್ರವಾದರೂ ದೊರೆತೀತೇ ಎಂದು ನಾನು ಅರಸತೊಡಗಿದೆನು. ಊರಿನ ಹೆಸರಿನಲ್ಲಿಯೇ ಕೆರೆಯಿದೆ, ಹಳ್ಳಿಯಿದೆ. ಚಿತ್ರ ಮಾತ್ರ ನನಗೆ ದೊರೆಯಲಿಲ್ಲ. ಬೆಂಗಳೂರಿನಲ್ಲಿ ಛಾಯಾಚಿತ್ರ ತೆಗೆದ ಮೊದಮೊದಲಿನವರು ಯಾರು, ಅವರು ಏನೇನನ್ನು ನೋಡಿದರು ಎಂದು ಹಿಂದೆ ಹಿಂದೆ ಹೋದಂತೆ ದಾರಿಯಲ್ಲಿ ಟ್ರೈಪನು ಎದುರಾದನು.

ಟ್ರೈಪನು 1822ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಡೆವನ್ ಪ್ರಾಂತದ ಡೆವನ್‌ಪೋರ್ಟ್ ಎಂಬ ರೇವುಪಟ್ಟಣದಲ್ಲಿ, ಹಲವು ಮಕ್ಕಳ ತುಂಬು ಸಂಸಾರದಲ್ಲಿ ಹುಟ್ಟಿದನು. ಹದಿಹರೆಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಮದರಾಸಿನ 12ನೆಯ ದೇಶೀಯ ಪದಾತಿದಳದ ಅಧಿಕಾರಿಯಾದನು. ಹನ್ನೊಂದು ಹನ್ನೆರಡು ವರ್ಷ ದಕ್ಷಿಣ ಭಾರತದಲ್ಲಿ ಸೇವೆ ಸಲ್ಲಿಸಿ, 1850ರ ಸುಮಾರಿನಲ್ಲಿ ದೀರ್ಘ ರಜೆಯ ಮೇಲೆ ತಾಯ್ನಾಡಿಗೆ ಹೋದಾಗ ಅಲ್ಲಿ ಹೊಸದೊಂದು ವಿದ್ಯೆ ಎಲ್ಲರ ಬಾಯಲ್ಲಿತ್ತು. ಟಾಲ್ಬಟ್ ಎಂಬ ವಿದ್ವಾಂಸನು ಕಾಗದದ ಮೇಲೆ ಬೆಳಕಿನಿಂದ ಚಿತ್ರ ಮೂಡಿಸುವ ಕ್ರಮವನ್ನು ಕಂಡುಹಿಡಿದು ಆಗಿನ್ನೂ ಹತ್ತು ವರ್ಷವಾಗಿತ್ತು. ಟ್ರೈಪನು ಆ ವಿದ್ಯೆಗೆ ಮನಸೋತು, 1853ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಛಾಯಾಗ್ರಹಣ ಸಂಘದ ಸದಸ್ಯನಾದನು. ಮರುವರ್ಷ ಬೆಂಗಳೂರಿನ ದಂಡಿಗೆ ಮರಳಿದಾಗ ಆತನ ಸಾಮಾನುಗಳಲ್ಲಿ ಕ್ಯಾಮರಾ ಇತ್ತು.

ಆ ಕಾಲದ ಛಾಯಾಗ್ರಹಣವೆಂದರೆ ಇಂದಿನ ವಿನೋದವಲ್ಲ. ಫ್ರಾನ್ಸಿನ ಲ ಗ್ರೇ ಎಂಬಾತನು ಬಳಕೆಗೆ ತಂದ ಕ್ರಮದಂತೆ, ತೆಳುವಾದ ಒಳ್ಳೆಯ ಕಾಗದಕ್ಕೆ ಮೇಣವನ್ನು ಊಡಿ, ಬೆಳ್ಳಿಯ ಲವಣಗಳಲ್ಲಿ ಅದ್ದಿ ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡಬೇಕು. ಆ ಕಾಗದವನ್ನು ಕ್ಯಾಮರಾದೊಳಗಿಟ್ಟು ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಅನಂತರ ಕತ್ತಲೆಯಲ್ಲಿ ಗಂಟೆಗಟ್ಟಲೆ ರಾಸಾಯನಿಕ ದ್ರವದಲ್ಲಿಟ್ಟು, ಚಿತ್ರ ನಿಧಾನವಾಗಿ ಮೂಡುವುದನ್ನು ಕಾಯಬೇಕು. ದೊರೆಯುವುದು ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ ಕಾಣುವ ತಿರುವುಚಿತ್ರ. ಅದನ್ನು ಮತ್ತೊಂದು ಕಾಗದದ ಮೇಲಿಟ್ಟು ಬಿಸಿಲಿನಲ್ಲಿ ಅಚ್ಚು ತೆಗೆಯಬೇಕು. ಕಾಗದವನ್ನು ಮುಂಚಿತವಾಗಿಯೇ ಸಿದ್ಧಪಡಿಸಿಟ್ಟುಕೊಳ್ಳಬಹುದೆಂಬುದು ಈ ಕ್ರಮದ ದೊಡ್ಡ ಅನುಕೂಲ. ಸಂಚಾರ ಮಾಡುವವನಿಗೆ ಇದು ವರವೇ ಸರಿ. ಆದರೆ ನಮ್ಮ ಸೆಕೆ, ಧೂಳು, ಮಳೆಗಾಲದ ತೇವ ಇವೆಲ್ಲವೂ ಅದರ ವೈರಿಗಳು. ತಂಪು ದೇಶದಲ್ಲಿ ಕಲಿತ ವಿದ್ಯೆಯನ್ನು ಟ್ರೈಪನು ನಮ್ಮ ಹವೆಗೆ ತಕ್ಕಂತೆ ತಾನೇ ತಿದ್ದಿಕೊಳ್ಳಬೇಕಾಯಿತು.

ಹೀಗೆ ಸಿದ್ಧನಾಗಿ ಆತನು ಮೊದಲು ಹೊರಟದ್ದು ಹಳೇಬೀಡು ಬೇಲೂರುಗಳಿಗೆ. 12ನೆಯ ಶತಮಾನದ ಆ ದೇವಾಲಯಗಳನ್ನು ಅದುವರೆಗೆ ಕ್ಯಾಮರಾದ ಕಣ್ಣು ಕಂಡಿರಲಿಲ್ಲ. 1855ರಲ್ಲಿ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಆತನು ಇಟ್ಟ 68 ಚಿತ್ರಗಳು ತೀರ್ಪುಗಾರರ ಮೆಚ್ಚಿಕೆಯನ್ನು ಪಡೆದವು. ಈ ಚಿತ್ರಗಳ ಬೆಲೆ ನಮಗೆ ಇಂದು ಇನ್ನೂ ಹೆಚ್ಚು. ಹಳೇಬೀಡಿನ ಕೇದಾರೇಶ್ವರ ಗುಡಿಯ ಶಿಖರ ಈಗಿಲ್ಲ. 19ನೆಯ ಶತಮಾನದಲ್ಲಿ ಗಿಡಮರಗಳು ಬೇರುಬಿಟ್ಟು ಅದು ಕುಸಿಯಿತು. ಹೊಯ್ಸಳರ ಗುಡಿಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆದರೆ ಯಾರ ಆರೈಕೆಯೂ ಇಲ್ಲದ ದಿನಗಳಲ್ಲಿ ಅವು ಹೇಗೆ ನಿಂತಿದ್ದವೆಂಬುದನ್ನು ತಿಳಿಯಲು ಆ ಕಾಲದ ಚಿತ್ರಗಳೇ ನಮಗೆ ಆಧಾರ.

1855ರಲ್ಲಿಯೇ ಆತನಿಗೆ ಮತ್ತೊಂದು ಕರೆ ಬಂದಿತು. ಎರಡನೆಯ ಬರ್ಮಾ ಯುದ್ಧದಲ್ಲಿ ಆ ದೇಶದ ಕೆಳಭಾಗವನ್ನು ಕಸಿದುಕೊಂಡಿದ್ದ ಕಂಪನಿ ಸರ್ಕಾರ, ಒಪ್ಪಂದಕ್ಕಾಗಿ ದೊರೆ ಮಿಂಡನ್ನನ ಆಸ್ಥಾನಕ್ಕೆ ಆರ್ಥರ್ ಫೇರನ ಮುಂದಾಳತ್ವದಲ್ಲಿ ನಿಯೋಗವೊಂದನ್ನು ಕಳುಹಿಸಿತು. ಕಾರ್ಯದರ್ಶಿಯಾಗಿ ಹೆನ್ರಿ ಯೂಲ್, ಚಿತ್ರಕಾರನಾಗಿ ಕೋಲ್ಸ್‌ವರ್ದಿ ಗ್ರಾಂಟ್, ಛಾಯಾಗ್ರಾಹಕನಾಗಿ ಟ್ರೈಪ್ ಹೊರಟರು. ಐರಾವತಿ ನದಿಯ ಮೇಲೆ ಸಾಗಿ, ಪಗಾನಿನ ಸಾಲು ಗುಡಿಗಳನ್ನು ಕಂಡು, ರಾಜಧಾನಿ ಅಮರಪುರವನ್ನು ಅವರು ಮುಟ್ಟಿದರು. ಒಪ್ಪಂದಕ್ಕೆ ದೊರೆ ಸಹಿ ಹಾಕಲಿಲ್ಲ. ರಾಜಕಾರಣದ ದೃಷ್ಟಿಯಿಂದ ನಿಯೋಗ ಬರಿಗೈಯಲ್ಲಿ ಮರಳಿತೆನ್ನಬೇಕು. ಟ್ರೈಪನಾದರೋ ಮಳೆಮೋಡಗಳೊಡನೆ ಸೆಣಸಿ ಇನ್ನೂರಕ್ಕೂ ಮೇಲ್ಪಟ್ಟು ತಿರುವುಚಿತ್ರಗಳನ್ನು ಹೊತ್ತು ತಂದನು. ಎರಡು ವರ್ಷ ಕಳೆಯುವುದರೊಳಗೆ ಮಿಂಡನ್ನನು ಮಾಂಡಲೆಯಲ್ಲಿ ಹೊಸ ರಾಜಧಾನಿಗೆ ಅಡಿಪಾಯ ಹಾಕಿಸಿದನು. ಅಮರಪುರದ ಮರದ ಕಟ್ಟಡಗಳೆಷ್ಟೋ ಬಿಚ್ಚಿ ಸಾಗಿಸಲ್ಪಟ್ಟವು, ನಗರ ಬರಿದಾಯಿತು. ಆ ನಗರದ ಬೀದಿಗಳು, ಕೆತ್ತನೆಯ ವಿಹಾರಗಳು ಇಂದಿಗೂ ಕಾಣಸಿಗುವುದು ಟ್ರೈಪನ ಕಾಗದದ ಮೇಲೆಯೇ.

ಈ ಬರ್ಮಾ ಚಿತ್ರಗಳು ಅಚ್ಚಾದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಸ್ವಾರಸ್ಯವಾದ ಸಂಗತಿ. 120 ಚಿತ್ರಗಳ 50 ಸಂಪುಟಗಳನ್ನು ಸರ್ಕಾರ ಬಯಸಿತು. ಅಂದರೆ 6000 ಅಚ್ಚುಗಳು. ಒಂದೊಂದನ್ನೂ ಬಿಸಿಲಿಗೆ ಹಿಡಿದು, ತೊಳೆದು, ಒಣಗಿಸಿ ಅಂಟಿಸಬೇಕು. ಐರಾವತಿಯ ದಡದ ಗೋಪುರಗಳು ಬೆಂಗಳೂರಿನ ಬಿಸಿಲಿನಲ್ಲಿ ಮೂಡಿಬಂದವೆಂದು ನೆನೆದಾಗ ನನಗೆ ಈ ಊರಿನ ಆಕಾಶದ ಮೇಲೆ ಹೊಸ ಗೌರವ ಹುಟ್ಟುತ್ತದೆ.

ಆಕಾಶದ ಮಾತು ಬಂದುದರಿಂದ ಟ್ರೈಪನ ವಿಶಿಷ್ಟವಾದ ಅಭ್ಯಾಸವೊಂದನ್ನು ಇಲ್ಲಿ ಹೇಳಬೇಕು. ಅಂದಿನ ಬೆಳ್ಳಿಯ ಲವಣಗಳಿಗೆ ನೀಲಿ ಬೆಳಕಿನ ಮೇಲೆ ಅತಿಯಾದ ಸೆಳೆತ. ಕಲ್ಲು, ಮರ, ನೆಲ ಸರಿಯಾಗಿ ಮೂಡುವಷ್ಟು ಹೊತ್ತು ಕಾದರೆ ಆಕಾಶ ಪೂರ್ತಿ ಸುಟ್ಟು, ಅಚ್ಚಿನಲ್ಲಿ ಸುಣ್ಣ ಬಳಿದ ಗೋಡೆಯಂತೆ ಬೋಳಾಗಿ ಕಾಣುತ್ತಿತ್ತು. ಇತರರು ಇದನ್ನು ಸಹಿಸಿಕೊಂಡರು, ಟ್ರೈಪನು ಸಹಿಸಲಿಲ್ಲ. ಕುಂಚ ಹಿಡಿದು ತಿರುವುಚಿತ್ರದ ಮೇಲೆ ಬಣ್ಣದಿಂದ ಮೋಡಗಳನ್ನು ಬರೆದನು. ಮಸುಕಾದ ಎಲೆಗಳನ್ನು ತಿದ್ದಿದನು. ಆತನ ಚಿತ್ರಗಳಲ್ಲಿ ಗೋಪುರದ ಹಿಂದೆ ಹಗುರವಾಗಿ ತೇಲುವ ಮೋಡಗಳಲ್ಲಿ ಎಷ್ಟೋ ಮೋಡಗಳು ಆ ದಿನ ಅಲ್ಲಿ ಇರಲೇ ಇಲ್ಲ. ಇದು ಸುಳ್ಳಲ್ಲವೇ ಎಂದು ವಾಚಕರು ಕೇಳಬಹುದು. ನಾನೂ ಬಹಳ ದಿನ ಹಾಗೆಯೇ ಕೇಳಿಕೊಂಡೆನು. ಯಂತ್ರವು ಅಳಿಸಿಹಾಕಿದ ಆಕಾಶವನ್ನು ಮನುಷ್ಯನ ಕೈ ಮರಳಿ ಕೊಟ್ಟಿತೆಂದು ಒಂದು ಮನಸ್ಸು ಹೇಳುತ್ತದೆ. ದಾಖಲೆಯ ಹೆಸರಿನಲ್ಲಿ ಕಲ್ಪನೆ ಸೇರಿತೆಂದು ಇನ್ನೊಂದು ಮನಸ್ಸು ಹೇಳುತ್ತದೆ. ಕಲ್ಲಿನ ಒಂದು ಗೆರೆಯನ್ನು ಯಥಾವತ್ತಾಗಿ ಹಿಡಿಯಲು ಹೆಣಗಿದವನೇ ಬಾನಿನ ವಿಷಯದಲ್ಲಿ ಕವಿಯಾದನು ಎನ್ನುವುದಕ್ಕಿಂತ ಹೆಚ್ಚಿನ ತೀರ್ಪನ್ನು ಕೊಡಲು ನನ್ನಿಂದಾಗದು.

1856ರಲ್ಲಿ ಮದರಾಸು ಸರ್ಕಾರ ಟ್ರೈಪನನ್ನು ತನ್ನ ಅಧಿಕೃತ ಛಾಯಾಗ್ರಾಹಕನನ್ನಾಗಿ ನೇಮಿಸಿತು. 1857ರ ಡಿಸೆಂಬರಿನಲ್ಲಿ ಆತನು ಎತ್ತಿನ ಗಾಡಿಗಳಲ್ಲಿ ಕ್ಯಾಮರಾ, ಕಾಗದ, ರಾಸಾಯನಿಕಗಳನ್ನು ಹೇರಿಕೊಂಡು ಬೆಂಗಳೂರಿನಿಂದ ತನ್ನ ಮಹಾಸಂಚಾರಕ್ಕೆ ಹೊರಟನು. ಟಿಪ್ಪುವಿನಿಂದ ಇಂಗ್ಲಿಷರು 1791ರಲ್ಲಿ ಗೆದ್ದುಕೊಂಡಿದ್ದ ರಾಯಕೋಟೆಯ ಬೆಟ್ಟ, ಶ್ರೀರಂಗ, ತಿರುಚಿನಾಪಳ್ಳಿಯ ಬಂಡೆ, ಮಧುರೆ, ಪುದುಕೋಟೆ, ತಂಜಾವೂರು ಇವೆಲ್ಲವನ್ನೂ ನೋಡಿಕೊಂಡು 1858ರ ಬೇಸಗೆಯಲ್ಲಿ ಮದರಾಸನ್ನು ಸೇರಿದನು. ಮಧುರೆಯ ಬಳಿಯ ಆನೆಮಲೆ ಮಲಗಿದ ಆನೆಯಂತೆಯೇ ಆತನ ಚಿತ್ರದಲ್ಲಿ ಮಲಗಿದೆ. ತಂಜಾವೂರಿನ ಬೃಹದೀಶ್ವರನ ಗುಡಿಯ ತಳಪಾದಿಯ ಸುತ್ತ ಕೆತ್ತಿರುವ ಶಾಸನವನ್ನು ಆತನು ಸಾಲಾಗಿ 21 ಚಿತ್ರಗಳಲ್ಲಿ ಹಿಡಿದು, ಅವನ್ನು ಒಂದಕ್ಕೊಂದು ಕೂಡಿಸಿ ಸುಮಾರು 19 ಅಡಿ ಉದ್ದದ ಸುರುಳಿಯನ್ನಾಗಿ ಮಾಡಿದನು. ಶಾಸನದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕ್ಯಾಮರಾವನ್ನು ಸರಿಸಿ ಸರಿಸಿ ನಿಲ್ಲಿಸುತ್ತ ಹೋದ ಆ ತಾಳ್ಮೆಯನ್ನು ನಮ್ಮ ಶಾಸನ ಸಂಶೋಧಕರು ಚೆನ್ನಾಗಿ ಬಲ್ಲರು.

ಮುಂದೆ ಮದರಾಸಿನಲ್ಲಿ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನೂ ಆತನು ಚಿತ್ರಿಸಿದನು. ಅವನ್ನು ಮದರಾಸಿಗೆ ತರಿಸಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ನಮಗೆ ಅಪರಿಚಿತನಲ್ಲ. 1824ರ ಕಿತ್ತೂರಿನ ಕಾಳಗದಲ್ಲಿ ರಾಣಿ ಚೆನ್ನಮ್ಮನಿಗೆ ಸೆರೆಸಿಕ್ಕಿದ್ದ ಇಬ್ಬರಲ್ಲಿ ಆತನೊಬ್ಬ. ಮುಂದೆ ಧಾರವಾಡ ಸೀಮೆಯ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿದವನೂ ಆತನೇ.

ಟ್ರೈಪನು ನಡೆದಾಡಿದ್ದು ಉತ್ಸವಗಳ ನಾಡಿನಲ್ಲಿ. ಮಧುರೆಯ ತೆಪ್ಪಕುಳವನ್ನು ಆತನು ಹಿಡಿದಿದ್ದಾನೆ. ದೇವರ ಒಡವೆಗಳನ್ನು ಹರಡಿಸಿ ಹಿಡಿದಿದ್ದಾನೆ. ಆದರೆ ತೆಪ್ಪೋತ್ಸವದ ಜನಸಾಗರ ಅಲ್ಲಿಲ್ಲ. ನಿಮಿಷಗಟ್ಟಲೆ ತೆರೆದಿದ್ದ ಆ ಕಣ್ಣಿಗೆ ಚಲಿಸುವುದೆಲ್ಲ ಬರಿಯ ಮಂಜು. ನಡೆದುಹೋದವನು ಗುರುತು ಉಳಿಸದೆ ಹೋದನು. ನಮ್ಮ ಬೆಂಗಳೂರಿನ ಕರಗವನ್ನು ನೆನೆಯಿರಿ. ಚೈತ್ರದ ಹುಣ್ಣಿಮೆಯ ರಾತ್ರಿ, ಮಲ್ಲಿಗೆಯ ಪರಿಮಳದ ನಡುವೆ ಓಡುವ ವೀರಕುಮಾರರನ್ನು ಆ ಮರದ ಪೆಟ್ಟಿಗೆ ಎಂದಿಗೂ ಕಾಣಲಾರದು. ಹೀಗಾಗಿ ಆತನ ಚಿತ್ರಗಳಲ್ಲಿ ಉತ್ಸವದ ಮಂಟಪವಿದೆ, ಉತ್ಸವವಿಲ್ಲ. ಬೀದಿಯಿದೆ, ಬೀದಿಯ ಜನರಿಲ್ಲ.

ಈ ನಿರ್ಜನತೆಗೆ ಯಂತ್ರವೊಂದೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಆತನು ಬೆಂಗಳೂರಿನಿಂದ ಹೊರಟ ವರ್ಷವನ್ನು ನಾವು ಮರೆಯಬಾರದು. ಉತ್ತರದಲ್ಲಿ ಸಿಪಾಯಿಗಳ ದಂಗೆಯ ಬೆಂಕಿ ಉರಿಯುತ್ತಿದ್ದಾಗ ದಕ್ಷಿಣದಲ್ಲಿ ಸರ್ಕಾರದ ಛಾಯಾಗ್ರಾಹಕನು ಶಾಂತವಾದ ಗೋಪುರಗಳನ್ನು ಚಿತ್ರಿಸುತ್ತಿದ್ದನು. ಆಳುವವರಿಗೆ ಬೇಕಾಗಿದ್ದುದು ಕೋಟೆ, ಗುಡಿ, ಶಿಲ್ಪಗಳ ದಾಖಲೆ. ಗಾಡಿ ಹೊಡೆದವರು, ನೀರು ಹೊತ್ತವರು, ಅಚ್ಚುಗಳನ್ನು ತೊಳೆದವರು ಚಿತ್ರದ ಹೊರಗೆ ಉಳಿದರು. ಸಹಾಯಕರಲ್ಲಿ ಒಬ್ಬನ ಹೆಸರನ್ನಾದರೂ ಚರಿತ್ರೆ ಉಳಿಸಿದೆ. ಟ್ರೈಪನ ಬಳಿ ಪಳಗಿದ ಅಯ್ಯಾಸ್ವಾಮಿ ಎಂಬಾತನು ಮುಂದೆ ಮದರಾಸಿನ ಕೈಗಾರಿಕಾ ಕಲಾಶಾಲೆಯಲ್ಲಿ ಛಾಯಾಗ್ರಹಣದ ಕೆಲಸವನ್ನು ಮುಂದುವರಿಸಿದನು.

ಇಷ್ಟು ಶ್ರಮದ ಫಲ ಬಹುಕಾಲ ನಿಲ್ಲಲಿಲ್ಲ. 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ತಗ್ಗಿಸುವುದರಲ್ಲಿ ಕಟ್ಟುನಿಟ್ಟಿನ ಆಳು. ಛಾಯಾಗ್ರಹಣವು ಸರ್ಕಾರಕ್ಕೆ ಸಲ್ಲದ ವಿಲಾಸವೆಂದು ಬಗೆದು ಆ ಶಾಖೆಯನ್ನೇ ಮುಚ್ಚಿಸಿದನು. ಟ್ರೈಪನಿಗೆ ಆಗ ನಲವತ್ತೂ ತುಂಬಿರಲಿಲ್ಲ. ಬಳಿಕ ಆತನು ಸೈನ್ಯದ ಕೆಲಸಕ್ಕೆ ಮರಳಿದನು. ಹತ್ತು ವರ್ಷಗಳ ತರುವಾಯ ಬರ್ಮಾದಲ್ಲಿದ್ದಾಗ ತೆಗೆದ ಕೆಲವೇ ಚಿತ್ರಗಳನ್ನು ಬಿಟ್ಟರೆ ಕ್ಯಾಮರಾವನ್ನು ಮುಟ್ಟಲಿಲ್ಲವೆಂದೇ ಹೇಳಬೇಕು. 1870ರ ದಶಕದಲ್ಲಿ ನಿವೃತ್ತನಾಗಿ ಡೆವನ್‌ಪೋರ್ಟಿಗೆ ಹೋಗಿ, 1902ರ ಮಾರ್ಚಿಯಲ್ಲಿ ತೀರಿಕೊಂಡನು. ಎಂಬತ್ತು ವರ್ಷಗಳ ಬಾಳಿನಲ್ಲಿ ಛಾಯಾಗ್ರಹಣದ ಪಾಲು ಹತ್ತು ವರ್ಷವೂ ಇಲ್ಲ. ಉಳಿದ ಕೀರ್ತಿಯೆಲ್ಲ ಆ ಅಲ್ಪಕಾಲದ್ದೇ. 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ ನಗರಗಳ ದೊಡ್ಡ ಸಂಗ್ರಹಾಲಯಗಳು ಆತನ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದವು.

ದಂಡಿನಿಂದ ಹೊಸಕೆರೆಹಳ್ಳಿಗೆ ಆರೇಳು ಮೈಲಿಯ ಹಾದಿ. ಹಳೇಬೀಡಿಗೂ ಅಮರಪುರಕ್ಕೂ ಹೋದವನಿಗೆ ಇದೊಂದು ದೂರವಲ್ಲ. ಆದರೂ ನಮ್ಮ ಊರಿನ ಕೆರೆಯ ಏರಿಯ ಮೇಲೆ ಆತನ ಕ್ಯಾಮರಾ ನಿಂತಿತೆಂಬುದಕ್ಕೆ ಒಂದು ಚಿತ್ರವೂ ನನಗೆ ಕಂಡುಬಂದಿಲ್ಲ. ಇದಕ್ಕಾಗಿ ಆತನನ್ನು ದೂರುವುದು ನ್ಯಾಯವಲ್ಲ. ಕೆರೆ, ಗದ್ದೆ, ರಾಗಿಯ ಕಣ ಇವು ಚಿತ್ರಕ್ಕೆ ಯೋಗ್ಯವಾದ ವಸ್ತುಗಳೆಂದು ಆತನಿಗೆ ಸಂಬಳ ಕೊಟ್ಟವರು ಭಾವಿಸಿರಲಿಲ್ಲ. ನಮ್ಮವರೂ ಬಹುಕಾಲ ಭಾವಿಸಲಿಲ್ಲ. ಅಮರಪುರ ಅಳಿದರೂ ಅದರ ರೂಪ ಉಳಿಯಿತು. ಬೆಂಗಳೂರಿನ ಸುತ್ತಣ ಎಷ್ಟೋ ಹಳ್ಳಿಗಳು ನಗರದೊಳಗೆ ಕರಗಿದಾಗ ಉಳಿದದ್ದು ಹೆಸರು ಮಾತ್ರ.

ಇಂದಿನ ವಿದ್ಯಾರ್ಥಿಗಳ ಕೈಯಲ್ಲಿ ಟ್ರೈಪನು ಕನಸಿನಲ್ಲಿಯೂ ಕಾಣದಂಥ ಕ್ಯಾಮರಾಗಳಿವೆ. ಮೋಡ ಮೋಡವಾಗಿಯೇ ಮೂಡುತ್ತದೆ, ಓಡುವ ಕರಗವೂ ನಿಂತಂತೆ ಸಿಕ್ಕುತ್ತದೆ. ಬೇಲೂರಿಗೆ ಹೋದಾಗ ಅವರು ಚಿತ್ರ ತೆಗೆಯಲಿ, ಸಂತೋಷ. ತಮ್ಮ ಬೀದಿಯ ಹಳೆಯ ಅರಳಿಕಟ್ಟೆ, ನೀರು ಉಳಿದಿರುವ ಕೆರೆಯ ಮೂಲೆ, ಅಣ್ಣಮ್ಮನ ಉತ್ಸವದ ದಿನ ತಮಟೆ ಬಾರಿಸುವವರ ಮುಖ, ಇವನ್ನೂ ಒಂದೊಂದು ಸಲ ನಿಂತು ನೋಡಿ ಹಿಡಿದಿಡಲಿ. ಹಿಡಿದದ್ದಕ್ಕೆ ಊರಿನ ಹೆಸರನ್ನೂ ತಾರೀಖನ್ನೂ ಬರೆದಿಡಲಿ. ಟ್ರೈಪನಂತೆ ಇದಕ್ಕಾಗಿ ಅವರು ಸರ್ಕಾರದ ನೇಮಕವನ್ನು ಕಾಯಬೇಕಾದದ್ದೇನೂ ಇಲ್ಲ.