ಸೇವಾಸದನದ ರಮಾಬಾಯಿ ರಾನಡೆ

ಕೋಥರೂಡದಿಂದ ಪುಣೆಯ ಪೇಟೆಯ ಕಡೆಗೆ ಹೋಗುವ ಹೆದ್ದಾರಿಗೆ ಮಹರ್ಷಿ ಕರ್ವೆಯವರ ಹೆಸರಿದೆ. ಕೋಥರೂಡಕ್ಕೆ ತಾಗಿರುವ ಹಿಂಗಣೆಯಲ್ಲಿ 1900ರ ಸುಮಾರಿಗೆ ಒಂದು ಗುಡಿಸಲಿನಲ್ಲಿ ವಿಧವೆಯರಿಗೆ ಆಶ್ರಯವಿತ್ತು ಓದು ಕಲಿಸಿದ ಆ ಮಹನೀಯರ ಹೆಸರನ್ನು ಇಲ್ಲಿ ಅರಿಯದವರಿಲ್ಲ. ಅದೇ ಕಾಲದಲ್ಲಿ, ಅದೇ ನಗರದಲ್ಲಿ, ಓದು ಕಲಿತ ವಿಧವೆಗೆ ಒಂದು ವೃತ್ತಿಯನ್ನೂ ಗೌರವವನ್ನೂ ದೊರಕಿಸಲು ಶ್ರಮಿಸಿದ ಮಹಿಳೆಯೊಬ್ಬರಿದ್ದರು. ಅವರೇ ರಮಾಬಾಯಿ ರಾನಡೆ.

ಅವರು ಹುಟ್ಟಿದ್ದು ಇಂದಿನ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆ ಎಂಬ ಹಳ್ಳಿಯಲ್ಲಿ, ಕುರ್ಲೇಕರ ಮನೆತನದಲ್ಲಿ. 1873ರಲ್ಲಿ, ಹನ್ನೊಂದರ ಹರೆಯದಲ್ಲಿ, ನ್ಯಾಯಮೂರ್ತಿಯೆಂದು ಮುಂದೆ ಪ್ರಖ್ಯಾತರಾದ ಮಹಾದೇವ ಗೋವಿಂದ ರಾನಡೆಯವರ ಕೈಹಿಡಿದರು. ವಿಧವಾವಿವಾಹದ ಪಕ್ಷಪಾತಿಗಳಾಗಿದ್ದ ರಾನಡೆಯವರು ತಂದೆಯ ಹಟಕ್ಕೆ ಕಟ್ಟುಬಿದ್ದು ಈ ಬಾಲಿಕೆಯನ್ನು ವರಿಸಬೇಕಾಯಿತು. ಆಗ ಆಕೆಗೆ ಅಕ್ಷರಜ್ಞಾನವೂ ಇರಲಿಲ್ಲ. ಪತಿಯೇ ಗುರುವಾಗಿ ಅಕ್ಷರ ತಿದ್ದಿಸಿದರು. ಇಂಗ್ಲಿಷು ಕಲಿಸಲು ಶಿಕ್ಷಕಿಯನ್ನು ಗೊತ್ತುಮಾಡಿದರು. ಆದರೆ ಮನೆಯ ಹಿರಿಯ ಹೆಂಗಸರಿಗೆ ಸೊಸೆಯ ಓದು ಸಹ್ಯವಾಗಲಿಲ್ಲ. ಹೀಗೆ ಎಳೆಯ ವಯಸ್ಸಿನಲ್ಲಿಯೇ, ತನ್ನ ಇಷ್ಟಕ್ಕೂ ಮನೆಯ ಕಟ್ಟಳೆಗೂ ನಡುವೆ ದಾರಿ ಹುಡುಕುವ ಪಾಠ ಅವರಿಗಾಯಿತು. ಜಗಳವಾಡದೆ, ಓದನ್ನೂ ಬಿಡದೆ, ಅವರು ಆ ದಾರಿಯಲ್ಲಿ ನಡೆದರು. ಈ ತಾಳ್ಮೆಯೇ ಮುಂದೆ ಅವರ ಸಾರ್ವಜನಿಕ ಜೀವನದ ಮೂಲಧನವಾಯಿತು.

1901ರ ಜನವರಿಯಲ್ಲಿ ರಾನಡೆಯವರು ದಿವಂಗತರಾದರು. ರಮಾಬಾಯಿಯವರು ಪುಣೆಗೆ ಬಂದು ಕೆಲಕಾಲ ಏಕಾಂತದಲ್ಲಿ ಕಳೆದರು. ಅನಂತರ ಅವರು ಕೈಗೊಂಡ ಕಾರ್ಯಗಳಲ್ಲಿ ಮುಖ್ಯವಾದುದು ಸೇವಾಸದನ. ಮುಂಬಯಿಯಲ್ಲಿ ಮಲಬಾರಿ ಹಾಗೂ ದಯಾರಾಮ ಗಿದುಮಲರು 1908ರಲ್ಲಿ ಸ್ಥಾಪಿಸಿದ್ದ ಈ ಸಂಸ್ಥೆಯನ್ನು 1909ರಲ್ಲಿ ಪುಣೆಯಲ್ಲಿ ಅವರು ತಮ್ಮ ಮನೆಯಲ್ಲಿಯೇ ಆರಂಭಿಸಿದರು. ಗೋಪಾಳಕೃಷ್ಣ ದೇವಧರರು ಅವರಿಗೆ ಬಲಗೈಯಾಗಿ ನಿಂತರು.

ಆ ಕಾಲದ ಹೆರಿಗೆಯ ಸ್ಥಿತಿಯನ್ನು ನೆನೆದರೆ ಮನಸ್ಸು ಮರುಗುತ್ತದೆ. ಗಾಳಿಬೆಳಕಿಲ್ಲದ ಕೋಣೆಯೇ ಬಾಣಂತಿಗೆ ಮೀಸಲು. ಶುಚಿತ್ವದ ಶಾಸ್ತ್ರವನ್ನು ಕಲಿಯದ ಸೂಲಗಿತ್ತಿಯ ಕೈಗುಣವೇ ತಾಯಿಮಗುವಿನ ಅದೃಷ್ಟ. ಗಂಡಸರಾದ ವೈದ್ಯರಿಗೆ ತೋರಿಸಿಕೊಳ್ಳಲು ಕುಲಸ್ತ್ರೀಯರು ಒಪ್ಪುತ್ತಿರಲಿಲ್ಲ. ಇದನ್ನು ಕಂಡೇ ಆನಂದೀಬಾಯಿ ಜೋಶಿಯವರು ಅಮೆರಿಕೆಗೆ ಹೋಗಿ 1886ರಲ್ಲಿ ವೈದ್ಯಪದವಿ ಪಡೆದರು. ಆದರೆ ಮರುವರ್ಷವೇ ಅಕಾಲ ಮರಣಕ್ಕೆ ತುತ್ತಾದರು. ಒಬ್ಬ ವೈದ್ಯೆಯಿಂದ ನೀಗುವ ಕೊರತೆ ಇದಾಗಿರಲಿಲ್ಲ. ಕಲಿತ ದಾದಿಯರು ಬೇಕಿತ್ತು. ಸೇವಾಸದನವು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಅವರನ್ನು ತರಬೇತುಗೊಳಿಸಲು ಮುಂದಾಯಿತು.

ಇಲ್ಲಿಯೇ ದೊಡ್ಡ ಇಕ್ಕಟ್ಟು ಎದುರಾಯಿತು. ಆಸ್ಪತ್ರೆಗೆ ತನ್ನದೇ ನಿಯಮ. ರೋಗಿಯ ಜಾತಿಯನ್ನು ಕೇಳುವಂತಿಲ್ಲ. ರಾತ್ರಿಯ ಪಾಳಿಯನ್ನು ಒಲ್ಲೆನೆನ್ನುವಂತಿಲ್ಲ. ರಕ್ತಮಲಗಳನ್ನು ತೊಳೆಯಲು ಹೇಸುವಂತಿಲ್ಲ. ಕಲಿಯಲು ಬರಬಹುದಾದ ವಿಧವೆಗೆ ಮನೆಯ ನಿಯಮ. ಹೆರಿಗೆಯ ಮನೆಯೆಂದರೆ ಮೈಲಿಗೆ, ಪರರ ಅಡಿಗೆ ನಿಷಿದ್ಧ, ದಾದಿಯ ಕೆಲಸ ಕುಲಕ್ಕೆ ಕುಂದು. ಎರಡು ಕಟ್ಟಳೆಗಳ ನಡುವೆ ಆ ಹೆಣ್ಣುಮಗಳ ಸ್ವಂತ ಇಚ್ಛೆಯನ್ನು ಕೇಳುವವರೇ ಇರಲಿಲ್ಲ.

ರಮಾಬಾಯಿಯವರು ಆ ಇಚ್ಛೆಗೆ ಎಡೆ ಮಾಡಿಕೊಟ್ಟರು. ದಾದಿಯ ಕರ್ತವ್ಯದಲ್ಲಿ ಆಸ್ಪತ್ರೆಯ ನಿಯಮ ಸಡಿಲವಾಗಕೂಡದು. ನರಳುವವಳ ಹಾಸಿಗೆಯ ಬಳಿ ಮಡಿಗೆ ಸ್ಥಾನವಿಲ್ಲ. ಆದರೆ ಕಲಿಯುವವಳ ಊಟ, ವ್ರತ, ಉಡುಪುಗಳು ಅವಳವು. ಅವುಗಳನ್ನು ತೊರೆದ ಮೇಲೆಯೇ ಬಾ ಎಂದು ಸೇವಾಸದನ ಹೇಳಲಿಲ್ಲ. ಅಂಥವರಿಗಾಗಿ ಸಂಸ್ಥೆ ವಸತಿಗೃಹವನ್ನು ನಡೆಸಿತು. ಹೀಗಾಗಿ ಮುಂಡನ ಮಾಡಿಸಿಕೊಂಡ, ಕೆಂಪು ಸೀರೆಯುಟ್ಟ ವಿಧವೆಯೂ ಅಲ್ಲಿ ವಿದ್ಯಾರ್ಥಿನಿಯಾಗಬಹುದಿತ್ತು. ಸುಧಾರಕರಲ್ಲಿ ಕೆಲವರಿಗೆ ಇದು ಅರೆಮನಸ್ಸಿನ ಸುಧಾರಣೆಯೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಮೊದಲೇ ಎಲ್ಲವನ್ನೂ ಬಿಡಬೇಕೆಂದಿದ್ದರೆ ಹಲವರು ಹೊಸ್ತಿಲನ್ನೇ ದಾಟುತ್ತಿರಲಿಲ್ಲ.

ಸೇವೆಯ ಹಿರಿಮೆಯನ್ನು ಅವರು ಬರಿಯ ಮಾತಿನಿಂದ ಬೋಧಿಸಲಿಲ್ಲ. ತಾವೇ ಹಣ್ಣು, ಹೂವು, ಪುಸ್ತಕಗಳನ್ನು ಹಿಡಿದು ಸಸೂನ್ ಆಸ್ಪತ್ರೆಯ ರೋಗಿಗಳ ಬಳಿಗೆ ಹೋಗುತ್ತಿದ್ದರು. ಯೆರವಡಾ ಕಾರಾಗೃಹದ ಹೆಂಗಸರನ್ನು ಕಂಡು ಸಂತೈಸುತ್ತಿದ್ದರು. ಆಷಾಢ, ಕಾರ್ತಿಕ ಏಕಾದಶಿಗಳ ಯಾತ್ರೆಯ ಕಾಲದಲ್ಲಿ ಸೇವಾಸದನದ ಸ್ವಯಂಸೇವಿಕೆಯರನ್ನು ಆಳಂದಿಗೆ ಕಳುಹುತ್ತಿದ್ದರು. ನ್ಯಾಯಮೂರ್ತಿಯ ಪತ್ನಿಯೇ ರೋಗಿಯ ಪಕ್ಕದಲ್ಲಿ ಕುಳಿತಾಗ, ಆ ಕೆಲಸ ಹೀನವೆನ್ನುವವರ ಬಾಯಿ ತಾನಾಗಿ ಕಟ್ಟಿತು.

ಒಂದು ವಾರ್ಷಿಕ ಸಮಾರಂಭದ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಕೇಶಮುಂಡನವಾಗಿದ್ದ ವಿಧವಾ ವಿದ್ಯಾರ್ಥಿನಿಯೊಬ್ಬಳು ಬಹುಮಾನ ಸ್ವೀಕರಿಸಲು ವೇದಿಕೆಗೆ ಬಂದಳು. ಆಕೆಯ ವೇಷವನ್ನು ಕಂಡು ಮೇಲಂತಸ್ತಿನಲ್ಲಿದ್ದ ಕಾಲೇಜು ಹುಡುಗರು ಕೂಗಿ ಗೇಲಿಮಾಡಿದರು. ರಮಾಬಾಯಿಯವರಿಗೆ ಅದು ನಾಟಿತು. ಕೊನೆಯ ಭಾಷಣಕ್ಕೆ ಎದ್ದವರೇ, ವಿಧಿಯಿಂದಲೂ ರೂಢಿಯಿಂದಲೂ ನೊಂದ ಸೋದರಿಯನ್ನು ನಗುವವನು ವಿದ್ಯಾವಂತನೆನಿಸಲಾರನೆಂದೂ, ನಗೆಗೀಡಾದವಳು ಅವರ ಮನೆಯ ಹೆಣ್ಣೇ ಆಗಿರಬಹುದೆಂದೂ ಕಟುವಾಗಿ ತಿಳಿಹೇಳಿದರು. ಸಭೆ ಸ್ತಬ್ಧವಾಯಿತು. ಮುಂದೆಂದೂ ಅಂಥ ಅಪಹಾಸ್ಯ ಮರುಕಳಿಸಲಿಲ್ಲವೆಂದು ಹೇಳುತ್ತಾರೆ.

ಹೆಣ್ಣುಮಕ್ಕಳಿಗೆ ಕಡ್ಡಾಯ ಪ್ರಾಥಮಿಕ ಶಿಕ್ಷಣ ದೊರೆಯಬೇಕೆಂದೂ, ಮುಂಬಯಿ ಪ್ರಾಂತದ ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದೂ ಅವರು ಹೋರಾಡಿದರು. ಪತಿಯೊಡನೆ ಕಳೆದ ದಿನಗಳನ್ನು ಮರಾಠಿಯಲ್ಲಿ ಬರೆದಿಟ್ಟ ಅವರ ಆತ್ಮಕಥನ 1910ರಲ್ಲಿ ಪ್ರಕಟವಾಯಿತು. 1924ರಲ್ಲಿ ಅವರು ಕಾಲವಶರಾದರು. 1962ರಲ್ಲಿ ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ವಿದ್ಯಾರ್ಥಿ ಮಿತ್ರರೇ, ನಿಯಮವಿಲ್ಲದೆ ಸಂಸ್ಥೆ ನಡೆಯದು. ಅದರಲ್ಲಿಯೂ ಹೆರಿಗೆಯ ಮನೆಯಲ್ಲಿ ನಿಯಮ ತಪ್ಪಿದರೆ ಎರಡು ಜೀವಗಳಿಗೆ ಕೇಡು. ಆದರೆ ಯಾವ ನಿಯಮ ಜೀವವನ್ನು ಕಾಯುವುದಕ್ಕಾಗಿ, ಯಾವುದು ಬರಿಯ ರೂಢಿಗಾಗಿ ಎಂಬ ವಿವೇಕ ಬೇಕು. ರಮಾಬಾಯಿಯವರಲ್ಲಿ ಆ ವಿವೇಕವಿತ್ತು. ಆದುದರಿಂದಲೇ ಮನೆಯ ಮೂಲೆಯಲ್ಲಿ ಬಾಳು ಸವೆಸಬೇಕಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಹಲವು ತಾಯಂದಿರ ಹಾಸಿಗೆಯ ಬಳಿ ಆಸರೆಯಾಗಿ ನಿಂತರು.